ರಾಶಿ ಮುಗಿದ ಮೇಲಿನ ಲೆಕ್ಕ: ನಮ್ಮ ಭಾಗದ ದುಡಿಮೆ ಎಲ್ಲಿ ಸೋರುತ್ತದೆ?

2023-24ರ ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆ ಪ್ರಕಾರ ದೇಶದ ನಿರುದ್ಯೋಗ ಶೇ 3.2. ಕಲಬುರಗಿ ಗಂಜಿನಲ್ಲಿ ಈ ಅಂಕಿ ಹೇಳಿದರೆ ಹಮಾಲರು ನಕ್ಕಾರು. ಹಾಗಂತ ಅಂಕಿ ಸುಳ್ಳಲ್ಲ. ಅದನ್ನು ಅಳೆಯುವ ರೀತಿ ನಮ್ಮ ಹೊಲಗಳಿಗೆ ಹೊಂದುವುದಿಲ್ಲ, ಅಷ್ಟೆ. ಈ ಲೆಕ್ಕದಲ್ಲಿ ವರ್ಷದ ಬಹುಪಾಲು ಕೆಲಸ ಹುಡುಕುತ್ತಾ ಕಳೆದವನೂ 30 ದಿನಕ್ಕಿಂತ ಕಡಿಮೆಯಿಲ್ಲದಂತೆ ದುಡಿದಿದ್ದರೆ 'ಉದ್ಯೋಗಸ್ಥ'. ಪಗಾರಿಲ್ಲದೆ ಅಪ್ಪನ ಹೊಲದಲ್ಲಿ ಕೈಜೋಡಿಸಿದ ಬಿ.ಎ. ಪಾಸಾದ ಹುಡುಗನೂ ಉದ್ಯೋಗಸ್ಥನೇ.

ಬಡವರಿಗೆ ಖಾಲಿ ಕೂರುವುದು ಎಟುಕುವ ಮಾತಲ್ಲ. ಏನಾದರೂ ಮಾಡಿಯೇ ಮಾಡುತ್ತಾರೆ. ಅಮೆರಿಕದಂಥ ದೇಶದಲ್ಲಿ ಕಾರ್ಖಾನೆ ಮುಚ್ಚಿದರೆ ನಿರುದ್ಯೋಗದ ಅಂಕಿ ಏರುತ್ತದೆ, ಉತ್ಪಾದನೆ ಇಳಿಯುತ್ತದೆ. ಅಲ್ಲಿನ ಅರ್ಥಶಾಸ್ತ್ರಜ್ಞ ಆರ್ಥರ್ ಓಕನ್ 1962ರಲ್ಲಿ ಈ ನಂಟನ್ನು ಸೂತ್ರವಾಗಿ ಬರೆದರು. ನಮ್ಮಂಥ ದೇಶದಲ್ಲಿ ಅಂಕಿ ಏರುವುದಿಲ್ಲ, ಮಂದಿ ಹೊಲಕ್ಕೆ ಮರಳುತ್ತಾರೆ. ಇಬ್ಬರು ಮಾಡುವ ಕೆಲಸಕ್ಕೆ ನಾಲ್ವರು ನಿಲ್ಲುತ್ತಾರೆ. ದೇಶದ ದುಡಿಯುವ ಕೈಗಳಲ್ಲಿ ಶೇ 46ರಷ್ಟು ಕೃಷಿಯಲ್ಲಿವೆ, ಉತ್ಪಾದನೆಯ ಮೌಲ್ಯದಲ್ಲಿ ಕೃಷಿಯ ಪಾಲು ಶೇ 18ರ ಆಸುಪಾಸು. ನಿರುದ್ಯೋಗವು ಆರ್ಥಿಕ ಬೆಳವಣಿಗೆಯನ್ನು ಹೇಗೆ ತಿನ್ನುತ್ತದೆ ಎಂದು ಕೇಳುವವರು ಮೊದಲು ಈ ಎರಡು ಅಂಕಿಗಳ ನಡುವಿನ ಕಂದಕ ನೋಡಬೇಕು.

ನಮ್ಮ ಕಡೆಯ ವರ್ಷ ನೋಡ್ರಿ. ಜೂನ್-ಜುಲೈಗೆ ತೊಗರಿ ಬಿತ್ತನೆ, ಡಿಸೆಂಬರ್-ಜನವರಿಗೆ ರಾಶಿ. ನಾರಾಯಣಪುರ ಕಾಲುವೆ ನೀರು ಹರಿಯುವ ಶಹಾಪುರ, ಸುರಪುರದ ಭಾಗ, ಅಫಜಲಪುರದ ಕಬ್ಬು ಬಿಟ್ಟರೆ ಮಳೆ ನಂಬಿದ ಕರಿ ಮಣ್ಣಿನಲ್ಲಿ ಅಲ್ಲಿಗೆ ಕೆಲಸ ಮುಗಿಯಿತು. ಫೆಬ್ರುವರಿಯಿಂದ ಮೇವರೆಗೆ ನಾಲ್ಕು ತಿಂಗಳು, ಅಂದರೆ 120 ದಿನ. 2025-26ರಲ್ಲಿ ರಾಜ್ಯದ ನರೇಗಾ (ಉದ್ಯೋಗ ಖಾತ್ರಿ) ಕೂಲಿ ದಿನಕ್ಕೆ 370 ರೂಪಾಯಿ. ಗಂಡ-ಹೆಂಡತಿ ಇಬ್ಬರ 120 ದಿನದ ದುಡಿಮೆ 88,800 ರೂಪಾಯಿ. ಇಂಥ 200 ಮನೆಗಳ ಒಂದು ಊರು ಹಿಡಿಯಿರಿ: 1 ಕೋಟಿ 77 ಲಕ್ಷ 60 ಸಾವಿರ. ಇದು ಆ ಊರಿನಲ್ಲಿ ಪ್ರತಿ ವರ್ಷ ಹುಟ್ಟದೇ ಹೋಗುವ ರೊಕ್ಕ. ಅದು ಹುಟ್ಟದಿದ್ದರೆ ಕಿರಾಣಿ ಅಂಗಡಿಯವನ ಉದ್ರಿ ಪುಸ್ತಕ ದಪ್ಪಗಾಗುತ್ತದೆ, ದರ್ಜಿಯ ಮಷಿನ್ ನಿಲ್ಲುತ್ತದೆ, ಟಂಟಂ ಗಾಡಿಯವ ಕಂತು ತಪ್ಪಿಸುತ್ತಾನೆ. ಒಬ್ಬನ ಕೂಲಿ ಇನ್ನೊಬ್ಬನ ವ್ಯಾಪಾರವಾಗಿರುವ ಕಡೆ ಕೂಲಿ ನಿಂತರೆ ನಷ್ಟ ಒಂದೂವರೆ, ಎರಡು ಪಟ್ಟಾಗುತ್ತದೆ.

ಈ ಖಾಲಿ ತಿಂಗಳುಗಳಿಗೆಂದೇ 2005ರ ಉದ್ಯೋಗ ಖಾತ್ರಿ ಕಾಯ್ದೆ ಬಂತು. ನಮೂನೆ 6ರಲ್ಲಿ ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡಬೇಕು, ಕೊಡದಿದ್ದರೆ ಮೊದಲ 30 ದಿನ ಕೂಲಿಯ ಕಾಲು ಭಾಗ, ಆಮೇಲೆ ಅರ್ಧ ಭಾಗ ನಿರುದ್ಯೋಗ ಭತ್ಯೆ ಎಂದು ಅದರಲ್ಲಿ ಬರೆದಿತ್ತು. ಕೆಟ್ಟದ್ದು ಎಲ್ಲಿ? ದಿನಾಂಕ ಹಾಕಿದ ರಸೀದಿಯಲ್ಲಿ. ಪಂಚಾಯಿತಿಯವರು ಅರ್ಜಿ ಇಸಿದುಕೊಂಡು ರಸೀದಿ ಕೊಡದಿದ್ದರೆ 15 ದಿನದ ಎಣಿಕೆಯೇ ಶುರುವಾಗುವುದಿಲ್ಲ, ಭತ್ಯೆಯ ಪ್ರಶ್ನೆಯೂ ಏಳುವುದಿಲ್ಲ. ಕಾಯ್ದೆ ಬದಲಾಗಲಿ, 100 ದಿನ ಇನ್ನಷ್ಟಾಗಲಿ, ಆ ಚೀಟಿ ಕೈಗೆ ಬರದಿದ್ದರೆ ಫೆಬ್ರುವರಿಯ ಮೊದಲ ವಾರಕ್ಕೇ ಗುಳೆ ಶುರು.

ಗುಳೆ ಹೋದವರು ರೊಕ್ಕ ಕಳಿಸುತ್ತಾರಲ್ಲ ಎನ್ನುವವರಿದ್ದಾರೆ. ಕಳಿಸುತ್ತಾರೆ, ಹೆಚ್ಚಿನದು ಸಾಲಕ್ಕೆ ಹೋಗುತ್ತದೆ. ಯಾದಗಿರಿಯ ಗೌಂಡಿ ಬೆಂಗಳೂರಿನಲ್ಲಿ ಕಟ್ಟಿದ ಗೋಡೆ ಬೆಂಗಳೂರಿನ ಉತ್ಪಾದನೆಯ ಲೆಕ್ಕಕ್ಕೆ ಸೇರುತ್ತದೆ. ಅವನನ್ನು ಸಾಕಿದ್ದು, ವಯಸ್ಸಾದ ಮೇಲೆ ನೋಡಿಕೊಳ್ಳಬೇಕಾದ್ದು ಯಾದಗಿರಿ. ಮಕ್ಕಳನ್ನೂ ಕರೆದೊಯ್ದರೆ ಸಾಲಿ ತಪ್ಪುತ್ತದೆ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 52ರ ಹತ್ತಿರ, ರಾಜ್ಯದಲ್ಲೇ ಕಡೆಯದು. ಇವತ್ತಿನ ನಿರುದ್ಯೋಗ ಇಪ್ಪತ್ತು ವರ್ಷ ನಂತರದ ಬೆಳವಣಿಗೆಯನ್ನೂ ತಿನ್ನುವುದು ಹೀಗೆ.

ಇನ್ನು ಓದಿದವರು. ಇವರ ನಿರುದ್ಯೋಗ ಅಂಕಿಯಲ್ಲಿ ಕಾಣುತ್ತದೆ, ಯಾಕೆಂದರೆ ಇವರಿಗೆ ಕಾಯಲು ಮನೆಯವರ ಆಸರೆ ಇದೆ. ಸಂವಿಧಾನದ 371ಜೆ ವಿಧಿಯಡಿ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಎ, ಬಿ ವೃಂದದ ಹುದ್ದೆಗಳಲ್ಲಿ ಶೇ 75, ಸಿ ವೃಂದದಲ್ಲಿ ಶೇ 80, ಡಿ ವೃಂದದಲ್ಲಿ ಶೇ 85 ಸ್ಥಳೀಯರಿಗೆ ಮೀಸಲು. ದೊಡ್ಡ ಗೆಲುವು, ಅನುಮಾನವಿಲ್ಲ. ಆದರೆ ಮೀಸಲಾತಿ ಇದ್ದ ಹುದ್ದೆಯನ್ನು ಹಂಚುತ್ತದೆ, ಹೊಸ ಹುದ್ದೆ ಹುಟ್ಟಿಸುವುದಿಲ್ಲ. ನೇಮಕಾತಿ ತಡವಾದರೆ ಆಗುವ ನಷ್ಟವನ್ನಂತೂ ಯಾರೂ ಲೆಕ್ಕ ಹಾಕುವುದಿಲ್ಲ. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆಯಾಯಿತು. ಅಕ್ರಮ ಬಯಲಾಗಿ ರದ್ದಾಯಿತು, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಬರೆದವರು ಸುಮಾರು 54 ಸಾವಿರ. ಹತ್ತರಲ್ಲಿ ಒಬ್ಬರು ಮಾತ್ರ ಬೇರೆ ಕೆಲಸ ಹಿಡಿಯದೆ ಕಾದರು ಅಂದುಕೊಳ್ಳಿ, ತಿಂಗಳಿಗೆ 12 ಸಾವಿರದ ದುಡಿಮೆ ಅನ್ನಿ. 5,400 ಮಂದಿ, 27 ತಿಂಗಳು: ಸುಮಾರು 175 ಕೋಟಿ ರೂಪಾಯಿ! ಒಂದೇ ಒಂದು ನೇಮಕಾತಿಯಲ್ಲಿ. ರಾಜ್ಯ ಸರ್ಕಾರದ ಯುವನಿಧಿ ಯೋಜನೆ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000ದಂತೆ ಎರಡು ವರ್ಷಕ್ಕೆ 72 ಸಾವಿರ ಕೊಡುತ್ತದೆ. ಧಾರವಾಡದಲ್ಲಿ ರೂಮು, ಮೆಸ್ಸು, ಕೋಚಿಂಗ್ ಸೇರಿ ತಿಂಗಳಿಗೆ ಏಳು ಸಾವಿರ ಹಿಡಿದರೂ ಎರಡು ವರ್ಷಕ್ಕೆ 1 ಲಕ್ಷ 68 ಸಾವಿರ. ಉಳಿದದ್ದು ಅಪ್ಪನ ಹೊಲದಿಂದ ಬರಬೇಕು. ಬೋರ್‌ವೆಲ್‌ಗೋ, ಎರಡು ಎಮ್ಮೆಗೋ ಹೋಗಬೇಕಿದ್ದ ಬಂಡವಾಳ ಅದು.

ಹಾಗಾದರೆ ಕೆಲಸ ಎಲ್ಲಿ ಹುಟ್ಟಬೇಕು? ನನ್ನ ಮಟ್ಟಿಗೆ ಉತ್ತರ ತೊಗರಿ ಚೀಲದೊಳಗೇ ಇದೆ. ಒಂದು ಕ್ವಿಂಟಲ್ ತೊಗರಿ ಮಿಲ್ಲಿಗೆ ಹೋದರೆ 70 ಕಿಲೋ ಆಸುಪಾಸು ಬ್ಯಾಳಿ, ಉಳಿದದ್ದು ನುಚ್ಚು, ಹೊಟ್ಟು. ಸ್ವಚ್ಛ ಮಾಡಿ, ಗಾತ್ರ ವಿಂಗಡಿಸಿ, ಸಿಪ್ಪೆಗೆ ಗೀರು ಹಾಕಿ, ಎಣ್ಣೆ-ನೀರು ಸವರಿ, ಬಿಸಿಲಿಗೆ ಒಣಗಿಸಿ, ಒಡೆದು, ಚೀಲ ತುಂಬುವವರೆಗೆ ಪ್ರತಿ ಹಂತಕ್ಕೂ ಕೈ ಬೇಕು. ಮಳೆಗಾಲದಲ್ಲಿ ಒಣಗಿಸಲು ತ್ರಾಸು, ಫೆಬ್ರುವರಿಯಿಂದ ಮೇವರೆಗೆ ಬಿಸಿಲಿಗೆ ಬರವಿಲ್ಲ. ನಮ್ಮ ಖಾಲಿ ತಿಂಗಳುಗಳೂ ಅವೇ. ಹೊಟ್ಟು, ಚುನ್ನಿಯಿಂದ ದನದ ಹಿಂಡಿ ಮಾಡಿದರೆ ಇನ್ನೊಂದು ಸುತ್ತು ಕೆಲಸ.

ಆದರೂ ಎಷ್ಟೋ ದಾಲ್‌ಮಿಲ್‌ಗಳು ಅರ್ಧ ವರ್ಷ ಬಾಗಿಲು ಹಾಕಿರುತ್ತವೆ. ಮಾಲೀಕರ ಸೋಮಾರಿತನ ಅಂದುಕೊಂಡರೆ ತಪ್ಪು. ದಿನಕ್ಕೆ 10 ಟನ್ ಒಡೆಯುವ ಮಿಲ್ಲಿಗೆ 100 ಕ್ವಿಂಟಲ್ ಬೇಕು. 2025-26ರ ಬೆಂಬಲ ಬೆಲೆ 8,000ದಂತೆ ದಿನಕ್ಕೆ 8 ಲಕ್ಷದ ಮಾಲು. ಆವಕ ಜೋರಿರುವಾಗ 75 ದಿನಕ್ಕಾಗುವಷ್ಟು ತುಂಬಿಟ್ಟುಕೊಳ್ಳಬೇಕೆಂದರೆ 6 ಕೋಟಿ. ಸಣ್ಣ ಮಿಲ್ಲಿನವನಿಗೆ ಬ್ಯಾಂಕಿನವರು ಅಷ್ಟು ಸಾಲದ ಮಿತಿ ಕೊಡುವುದಿಲ್ಲ. ಗೋದಾಮಿನ ರಸೀದಿ ಮೇಲೆ ಸಾಲ ಕೊಡುವ ವ್ಯವಸ್ಥೆಗೆ 2007ರ ಕಾಯ್ದೆಯೇ ಇದೆ, ಆದರೆ ಗೋದಾಮು ನೋಂದಣಿಯಾಗಿರಬೇಕು, ಕಾಳಿನ ತೇವ ಅಳೆದು ದರ್ಜೆ ಹಾಕುವವರು ಬೇಕು. ಅಷ್ಟರಲ್ಲಿ ಮ್ಯಾನ್ಮಾರ್, ಮೊಜಾಂಬಿಕ್‌ನ ತೊಗರಿ ಬಂದರಿಗೆ ಇಳಿದಿರುತ್ತದೆ. ಬಂದರಿನ ಹತ್ತಿರದ ಮಿಲ್ಲಿಗೆ ಸಾಗಣೆ ಖರ್ಚು ಕಡಿಮೆ, ನಮ್ಮವರ ಲಾಭ ಕಿಲೋಗೆ ಒಂದೆರಡು ರೂಪಾಯಿಗೆ ಇಳಿದು ಮಿಲ್ಲು ನಿಲ್ಲುತ್ತದೆ. ಬ್ಯಾಳಿ ಮತ್ತೆಲ್ಲೋ ಆಗಿ ನಮ್ಮ ಅಂಗಡಿಗೇ ಪ್ಯಾಕೆಟ್ಟಿನಲ್ಲಿ ಮರಳುತ್ತದೆ. ನಮ್ಮ ತೊಗರಿಗೆ 2019ರಲ್ಲಿ ಸಿಕ್ಕ ಜಿಐ (ಭೌಗೋಳಿಕ ಸೂಚಕ) ಗುರುತು ಆ ಪ್ಯಾಕೆಟ್ಟಿನ ಮೇಲೆ ಇರುವುದಿಲ್ಲ ಬಿಡಿ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ಘೋಷಣೆಯಾಗಿದೆ. ಅದರಲ್ಲಿ ರಸ್ತೆ, ಕಟ್ಟಡ ಆಗಲಿ, ಬೇಡ ಅನ್ನುವುದಿಲ್ಲ. ಆದರೆ ಜೆಸಿಬಿ, ಟಿಪ್ಪರ್‌ಗಳಿಂದ ಆಗುವ ರಸ್ತೆಯಲ್ಲಿ ಊರಿನವರ ಕೂಲಿಗೆ ಬರುವ ಪಾಲು ಸಣ್ಣದು. ಆ ದುಡ್ಡಿನಲ್ಲಿ ಸ್ವಲ್ಪ ತೆಗೆದು ಮಿಲ್ಲುಗಳ ದುಡಿಯುವ ಬಂಡವಾಳದ ಬಡ್ಡಿಗೆ ನೆರವು ಕೊಟ್ಟು ನೋಡಲಿ. ಷರತ್ತು ಒಂದೇ ಸಾಕು: ಏಪ್ರಿಲ್, ಮೇ ತಿಂಗಳಲ್ಲೂ ಮಿಲ್ಲು ನಡೆದಿರಬೇಕು. ಕರೆಂಟ್ ಬಿಲ್ಲಿನ ಯೂನಿಟ್ ನೋಡಿದರೆ ನಡೆದಿದೆಯೋ ಇಲ್ಲವೋ ಗೊತ್ತಾಗುತ್ತದೆ, ಬೇರೆ ಇನ್‌ಸ್ಪೆಕ್ಟರ್ ಬೇಕಿಲ್ಲ.

2023ರಲ್ಲಿ ಘೋಷಣೆಯಾದ ಏಳು ಪಿಎಂ ಮಿತ್ರ ಜವಳಿ ಪಾರ್ಕ್‌ಗಳಲ್ಲಿ ನಮ್ಮ ಕಲಬುರಗಿಯದೂ ಒಂದು. ಅದರ ಸುದ್ದಿ ಬಂದಾಗಲೆಲ್ಲ ಎಕರೆ, ಕೋಟಿ ಕೇಳುತ್ತೇವೆ. ಹೊಲಿಗೆ ಮಷಿನ್ ಮುಂದೆ ಕೂರುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳಾಗಿರುತ್ತಾರೆ. ಅವರು ಬೆಳಿಗ್ಗೆ ಪಾಳಿಗೆ ಬರಲು ಹಳ್ಳಿಯಿಂದ ಬಸ್ಸು ಎಷ್ಟು ಗಂಟೆಗೆ, ಹಾಸ್ಟೆಲ್ ಎಷ್ಟು ಮಂದಿಗೆ, ತರಬೇತಿ ಯಾವ ಐಟಿಐಯಲ್ಲಿ, ಕಟ್ಟಡ ಏಳುವ ಮೊದಲೇ ಶುರುವಾಗುತ್ತದೋ ಆಮೇಲೋ? ಮುಂದಿನ ಸಲ ನಿಮ್ಮ ಊರಿಗೆ ಶಾಸಕರು ಬಂದಾಗ ಇವನ್ನು ಕೇಳ್ರಿ.