ಹನ್ನೆರಡಡಿ ಹತ್ತಡಿ ಕೋಣೆ, ಇಪ್ಪತ್ತೆರಡೂವರೆ ಸಾವಿರ ರೂಪಾಯಿ

2024ರ ಜುಲೈನಲ್ಲಿ ಒಂದು ಭಾನುವಾರ ಮಗನ ಕೈಗೆ ಟೇಪಿನ ತುದಿ ಕೊಟ್ಟು ನನ್ನ ಕೆಲಸದ ಕೋಣೆ ಅಳೆದೆ. ಊರವರ ಮನೆಗೆಲ್ಲ ಪ್ಲ್ಯಾನ್ ಹಾಕೋದೇ ನನ್ನ ಕೆಲಸ, ನಮ್ಮನೆ ಕೋಣೆಯ ಅಳತೆ ಮಾತ್ರ ಗೊತ್ತಿರಲಿಲ್ಲ. ಹನ್ನೆರಡಡಿ ಉದ್ದ, ಹತ್ತಡಿ ಅಗಲ. "ರಾಗಿ ಮೂಟೆ ಇರೋ ಜಾಗ ಬಿಟ್ಟು ಅಳೀಬೇಕಾ ಅಮ್ಮಾ?" ಅಂದ. ಒಳ್ಳೇ ಪ್ರಶ್ನೆ. ಆ ಮೂಟೆ ನಮ್ಮ ಮಾವನವರದ್ದು. ನನ್ನ ಕಂಪ್ಯೂಟರ್ ಬರೋಕೆ ಮುಂಚಿನಿಂದಲೂ ಆ ಮೂಲೆ ಅದರದ್ದೇ.

ಅಳೆದಿದ್ದಕ್ಕೆ ಕಾರಣ ಒಂದು ವಿಡಿಯೋ. ಮನೆಯಿಂದ ಕೆಲಸ ಮಾಡೋರು ಕೋಣೆಯ ಚದರಡಿ ಲೆಕ್ಕದಲ್ಲಿ ತೆರಿಗೆ ವಿನಾಯಿತಿ ಪಡೆಯಬಹುದು, ಒಂದು ಚದರಡಿಗೆ ಐದು ಡಾಲರ್, ಮುನ್ನೂರು ಚದರಡಿವರೆಗೆ ಅಂತ ಅದರಲ್ಲಿ ಹೇಳಿದ್ದರು. ಡಾಲರ್ ಅಂದಾಗಲೇ ನನಗೆ ಹೊಳೀಬೇಕಿತ್ತು. ಅದು ಅಮೆರಿಕದ ಕಾನೂನು. ತುಮಕೂರಿನ ಎಸ್.ಎಸ್. ಪುರಂನಲ್ಲಿ ಕೂತು ಅದನ್ನು ನೋಡಿ ಟೇಪು ತೆಗೆದಿದ್ದೆ.

ಆದರೂ ಬಿಡಲಿಲ್ಲ. ನಮ್ಮ ಆದಾಯ ತೆರಿಗೆ ಕಾಯ್ದೆಯಲ್ಲೂ ಇಂಥದ್ದು ಇದೆ (ಇಲ್ಲಿ ಹೇಳೋ ಸೆಕ್ಷನ್ ನಂಬರೆಲ್ಲ 1961ರ ಕಾಯ್ದೆಯವು, 2026ರ ಮಾರ್ಚ್‌ವರೆಗಿನವು). ಕೆಲಸಕ್ಕೆ ಬಳಸೋ ಕಟ್ಟಡದ ಬಾಡಿಗೆ, ರಿಪೇರಿ ಸೆಕ್ಷನ್ 30ರಲ್ಲಿ ಬರುತ್ತೆ. ಮನೆಯ ಒಂದು ಭಾಗ ಮಾತ್ರ ಕೆಲಸಕ್ಕೆ ಬಳಸಿದರೆ ಆ ಭಾಗದಷ್ಟು ಖರ್ಚು ತೋರಿಸಬಹುದು, ಅದು ಸೆಕ್ಷನ್ 38. ಕಂಪ್ಯೂಟರಿಗೆ ವರ್ಷಕ್ಕೆ ಶೇ. 40 ಸವಕಳಿ (ಬಳಸಿ ಸವೆದದ್ದಕ್ಕೆ ಅಂತ ಕಳೆಯೋ ಮೊತ್ತ), ಕುರ್ಚಿ ಮೇಜಿಗೆ ಶೇ. 10. ಉಳಿದ ಖರ್ಚೆಲ್ಲ ಸೆಕ್ಷನ್ 37ರಲ್ಲಿ, ಪೂರ್ತಿಯಾಗಿ ಕೆಲಸಕ್ಕೇ ಆಗಿದ್ದರೆ. ನಮ್ಮ ಮನೆ ಒಟ್ಟು 960 ಚದರಡಿ. ನನ್ನ ಕೋಣೆ 120. ಎಂಟನೇ ಒಂದು ಭಾಗ. ಲೆಕ್ಕ ಇಷ್ಟು ನುಣ್ಣಗೆ ಬಂದದ್ದು ನೋಡಿ ಖುಷಿಯಾಯ್ತು.

ಖುಷಿ ಜಾಸ್ತಿ ಹೊತ್ತು ಇರಲಿಲ್ಲ. ಮನೆ ಮಾವನವರ ಹೆಸರಲ್ಲಿದೆ, ಬಾಡಿಗೆ ಇಲ್ಲ. ಕರೆಂಟು? 2023ರ ಆಗಸ್ಟಿನಿಂದ ಗೃಹಜ್ಯೋತಿ. ಬೆಸ್ಕಾಂ ಬಿಲ್ಲಿನಲ್ಲಿ ಕಟ್ಟಬೇಕಾದ ಮೊತ್ತ ಸೊನ್ನೆ. ಸೊನ್ನೆಯ ಎಂಟನೇ ಒಂದು ಭಾಗ ಎಷ್ಟು ಅಂತ ಮಗನನ್ನೇ ಕೇಳಿದೆ, ನಕ್ಕ. ಮಾವನವರಿಗೆ ಬಾಡಿಗೆ ಕೊಟ್ಟ ಹಾಗೆ ಕಾಗದದ ಮೇಲೆ ತೋರಿಸು ಅಂತ ಒಬ್ಬರು ಸಲಹೆ ಕೊಟ್ಟರು. ಕೊಡದೇ ಇರೋ ಬಾಡಿಗೆ ತೋರಿಸೋಕೆ ನನಗೆ ಮನಸ್ಸಿಲ್ಲ. ನಿಜವಾಗಿ ಕೊಟ್ಟರೆ ಅದನ್ನು ಅವರು ತಮ್ಮ ಆದಾಯದಲ್ಲಿ ತೋರಿಸಬೇಕು. ಎಂಬತ್ತು ದಾಟಿದವರನ್ನು ಈ ಗೊಂದಲಕ್ಕೆ ಎಳೆಯೋದು ಯಾಕೆ?

ಉಳಿದದ್ದು ಒಂದು ಮೈಸೂರ್ ಪಾಕ್ ಡಬ್ಬದ ತುಂಬ ರಸೀದಿ. ಅಲ್ಲೀವರೆಗೂ ನಾನು ರಿಟರ್ನ್ಸ್ ಹಾಕಿಸ್ತಿದ್ದದ್ದು ಒಂದು ಸೈಬರ್ ಸೆಂಟರಿನಲ್ಲಿ. ಅವರು ಒಂದು ವರ್ಷ ನನ್ನ ಆದಾಯವನ್ನು ಸಂಬಳ ಅಂತ ಹಾಕಿ, ರಿಟರ್ನ್ ದೋಷಪೂರಿತ ಅಂತ ನೋಟಿಸ್ ಬಂದು, ಹದಿನೈದು ದಿನದಲ್ಲಿ ಉತ್ತರ ಕೊಡು ಅಂದಾಗ ಎದೆ ಝಲ್ ಅಂದಿತ್ತು. ಅದಕ್ಕೇ ಈ ಸಲ ಅಶೋಕನಗರದಲ್ಲಿ ಒಬ್ಬರು ಆಡಿಟರ್ ಹತ್ತಿರ ಡಬ್ಬ ಹಿಡಿದುಕೊಂಡು ಹೋದೆ. ಅವರು ಡಬ್ಬದ ಮುಚ್ಚಳ ತೆಗೆದು, ತುಪ್ಪದ ವಾಸನೆ ಹಿಡಿದ ಬಿಲ್ಲುಗಳನ್ನು ನೋಡಿ, ಮತ್ತೆ ಮುಚ್ಚಿದರು. "ಇದೇನೂ ಬೇಡ ಮೇಡಂ. ನೀವು ಇಂಜಿನಿಯರ್ ತಾನೇ? ಸೆಕ್ಷನ್ 44ಎಡಿಎ ಇದೆಯಲ್ಲ."

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೋರಿಗಾಗಿ ಬರೀತಿದೀನಿ. ಡಾಕ್ಟರು, ವಕೀಲರು, ಇಂಜಿನಿಯರು, ಆರ್ಕಿಟೆಕ್ಟು, ಲೆಕ್ಕಪತ್ರದವರು, ಒಳಾಂಗಣ ವಿನ್ಯಾಸದವರು, ಹೀಗೆ ಕೆಲವು ವೃತ್ತಿಗಳ ಪಟ್ಟಿ ಇದೆ. ಈ ವೃತ್ತಿಗಳಲ್ಲಿ ವರ್ಷಕ್ಕೆ ಬಂದ ಹಣ 50 ಲಕ್ಷದೊಳಗೆ ಇದ್ದರೆ, ನಗದು ಶೇ. 5 ಮೀರದಿದ್ದರೆ 75 ಲಕ್ಷದೊಳಗೆ ಇದ್ದರೆ, ಅದರ ಅರ್ಧವನ್ನು ಆದಾಯ ಅಂತ ತೋರಿಸಿದರೆ ಸಾಕು. ಉಳಿದರ್ಧ ಖರ್ಚು ಅಂತ ಇಲಾಖೆಯೇ ಒಪ್ಪಿಕೊಳ್ಳುತ್ತೆ. ಲೆಕ್ಕದ ಪುಸ್ತಕ ಬೇಡ. ಆದರೆ ಆ ಅರ್ಧದೊಳಗೇ ನಿಮ್ಮ ಕೋಣೆ, ಕುರ್ಚಿ, ನೆಟ್ಟು, ಸವಕಳಿ ಎಲ್ಲ ಸೇರಿಹೋಯ್ತು. ಮತ್ತೆ ಬೇರೆಯಾಗಿ ಕೇಳೋ ಹಾಗಿಲ್ಲ.

ನಂಬಿಕೆ ಬರದೆ ಮನೆಗೆ ಬಂದು ಲೆಕ್ಕ ಹಾಕಿದೆ. ಲ್ಯಾಪ್‌ಟಾಪ್ 62,000, ಅದರ ಸವಕಳಿ 24,800. ಕುರ್ಚಿದು 750. ನೆಟ್ಟಿನಲ್ಲಿ ಅರ್ಧ (ಉಳಿದರ್ಧ ಮಗನ ಕ್ರಿಕೆಟ್ಟಿಗೆ) 5,400. ಮೊಬೈಲು 1,800. ಡ್ರಾಯಿಂಗ್ ಸಾಫ್ಟ್‌ವೇರಿಗೆ 30,000. ಪ್ರಿಂಟು, ಬೆಂಗಳೂರಿಗೆ ರೈಲು, ಆಟೋ ಸೇರಿ 9,250. ಒಟ್ಟು 72,000. ಆ ವರ್ಷ ನನಗೆ ಬಂದದ್ದು 8,40,000. ಅದರ ಅರ್ಧ 4,20,000. ಎಪ್ಪತ್ತೆರಡು ಸಾವಿರದ ರಸೀದಿಗೆ ನಾನು ಡಬ್ಬ ಹೊತ್ತುಕೊಂಡು ಓಡಾಡ್ತಿದ್ದೆ, ಕಾನೂನು ನಾಲ್ಕು ಲಕ್ಷ ಇಪ್ಪತ್ತು ಸಾವಿರ ಬಿಟ್ಟುಕೊಡೋಕೆ ತಯಾರಾಗಿ ಕೂತಿತ್ತು.

ನಮ್ಮನೆಯವರು ಕಾಲೇಜಲ್ಲಿ ಲೆಕ್ಚರರ್. ಅವರಿಗೆ ಹೊಸ ತೆರಿಗೆ ಪದ್ಧತಿಯಲ್ಲಿ ಈಗ ಸಿಗೋದು 75,000 ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಸಂಬಳದವರಿಗೆ ರಸೀದಿ ಇಲ್ಲದೆ ಕಳೆಯೋ ಮೊತ್ತ. "ನಾನೂ ಮನೇಲೇ ಪೇಪರ್ ತಿದ್ದೋದು, ನಂಗ್ಯಾಕೆ ಅರ್ಧಕ್ಕರ್ಧ ಇಲ್ಲ?" ಅಂತ ಅವರು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೆಲಸ ಇಲ್ಲದ ತಿಂಗಳು, ದುಡ್ಡು ಕೊಡದೆ ಓಡಾಡಿಸೋ ಕ್ಲೈಂಟು, ಪಿಎಫ್ ಇಲ್ಲ, ರಜೆ ಇಲ್ಲ ಅಂತ ವಾದ ಮಾಡಿದೆ. ಮಾಡಿದರೂ, ಅವರ ಮಾತಲ್ಲಿ ನ್ಯಾಯ ಇದೆ ಅಂತ ಒಳಗೇ ಅನ್ನಿಸ್ತು. ನಿಜವಾಗಿ ಖರ್ಚು ಜಾಸ್ತಿ ಇರೋರಿಗೆ, ಇಬ್ಬರು ಹುಡುಗರನ್ನು ಇಟ್ಟುಕೊಂಡು ಸಂಬಳ ಕೊಡೋರಿಗೆ, ಈ ಅರ್ಧ ಸಾಲದೇ ಬರಬಹುದು. ಅವರು ಪುಸ್ತಕ ಇಟ್ಟು, ಆಡಿಟ್ ಮಾಡಿಸಿ, ಐಟಿಆರ್-3 ಅನ್ನೋ ರಿಟರ್ನ್ ಫಾರಂ ಹಾಕಬೇಕು. ನನ್ನಂಥ ಒಂಟಿ ಕೋಣೆಯವರಿಗೆ ಐಟಿಆರ್-4 ಸಾಕು.

ಹಾಗಾಗಿ "ಮನೆಯಿಂದ ಕೆಲಸ ಮಾಡೋರಿಗೆ ವಿನಾಯಿತಿ ಸಿಗಲ್ಲ" ಅನ್ನೋ ಗೋಳನ್ನು ನಾನು ಒಪ್ಪಲ್ಲ. ನಮ್ಮ ದುಡ್ಡು ಹೋಗ್ತಿರೋದು ಬೇರೆ ಕಡೆ, ಟಿಡಿಎಸ್‌ನಲ್ಲಿ. ನಮಗೆ ಕೆಲಸ ಕೊಡೋ ಕಂಪನಿ ತೆರಿಗೆಗೆ ಅಂತ ಮೊದಲೇ ಶೇ. 10 ಹಿಡಿದುಕೊಂಡು ಉಳಿದದ್ದು ಕೊಡುತ್ತೆ. ನನ್ನ 8,40,000ಕ್ಕೆ ಹಿಡಿದದ್ದು 84,000. ಹೊಸ ಪದ್ಧತಿಯಲ್ಲಿ ಆ ವರ್ಷ 7 ಲಕ್ಷದವರೆಗೆ ತೆರಿಗೆ ಇರಲಿಲ್ಲ, ನನ್ನ ಆದಾಯ 4,20,000. ಅಂದರೆ 84,000 ಪೂರ್ತಿ ನನ್ನದೇ. ರಿಟರ್ನ್ಸ್ ಹಾಕಿದೆ, ವಾಪಸ್ ಬಂತು. ಹಾಕದಿದ್ದರೆ ಬರಲ್ಲ, ಯಾರೂ ಮನೆ ಬಾಗಿಲಿಗೆ ತಂದು ಕೊಡಲ್ಲ. 2025-26ರ ಹಣಕಾಸು ವರ್ಷದಿಂದ ಆ ಮಿತಿ 12 ಲಕ್ಷ ಆಗಿದೆ. ನಾನು ಕೇಳೋ ಮೊದಲ ಪ್ರಶ್ನೆ ಈಗ ಒಂದೇ: 26ಎಎಸ್ (ನಮ್ಮ ಹೆಸರಲ್ಲಿ ಹಿಡಿದ ಟಿಡಿಎಸ್ ತೋರಿಸೋ ಪಟ್ಟಿ) ನೋಡಿದ್ರಾ? ಹತ್ತರಲ್ಲಿ ಆರು ಜನ ಅದೇನು ಅಂತ ಕೇಳ್ತಾರೆ. (ಈ ಹತ್ತು ಜನ ನನ್ನ ವಾಟ್ಸಾಪ್ ಗುಂಪಿನವರು, ದೇಶದ ಅಂಕಿಅಂಶ ಅಂದುಕೊಳ್ಳಬೇಡಿ.)

ಇದರ ಜೊತೆಗೆ 2025ರಲ್ಲಿ ಭಯವೂ ಸೇರಿಕೊಂಡಿತು. ಎದುರುಮನೆ ಅಕ್ಕ ಬ್ಲೌಸ್ ಹೊಲೀತಾರೆ, ಸೀರೆಗೆ ಕುಚ್ಚು ಕಟ್ಟುತಾರೆ. ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದ ಸುದ್ದಿ ಟಿವಿಯಲ್ಲಿ ಬಂದದ್ದೇ ತಡ, ಹೊಲಿಗೆ ಮೆಷಿನ್ನಿಗೆ ಅಂಟಿಸಿದ್ದ ಕ್ಯೂಆರ್ ಸ್ಟಿಕ್ಕರನ್ನು ಕಿತ್ತು ಅಡುಗೆಮನೆಯ ಡಬ್ಬದ ಹಿಂದೆ ಇಟ್ಟರು. "ಗೃಹಲಕ್ಷ್ಮಿ ಎರಡು ಸಾವಿರ ನಿಂತೋದ್ರೆ ಏನ್ ಗತಿ ಕಣಮ್ಮ?" ಅಂದರು. ತೆರಿಗೆ ಕಟ್ಟೋ ಮನೆಗೆ, ಜಿಎಸ್‌ಟಿ ರಿಟರ್ನ್ ಹಾಕೋ ಮನೆಗೆ ಗೃಹಲಕ್ಷ್ಮಿ ಇಲ್ಲ ಅನ್ನೋದು ನಿಜ. ನಮ್ಮನೆಗೂ ಅದಕ್ಕೇ ಬರಲ್ಲ. ಆದರೆ ಅಕ್ಕನ ವರ್ಷದ ವಹಿವಾಟು ಮೂರೂವರೆ ಲಕ್ಷ. ಸೇವೆಗೆ ಜಿಎಸ್‌ಟಿ ನೋಂದಣಿ ಬೇಕಾಗೋದು 20 ಲಕ್ಷ ದಾಟಿದ ಮೇಲೆ. ಆದಾಯ ತೆರಿಗೆಯಲ್ಲಿ ಅವರದು ವೃತ್ತಿ ಅಲ್ಲ, ವ್ಯಾಪಾರ, ಅದಕ್ಕೆ ಬೇರೆ ಸೆಕ್ಷನ್, 44ಎಡಿ. ಅಲ್ಲಿ ನಗದಿಗೆ ಶೇ. 8, ಫೋನ್‌ಪೇಯಲ್ಲಿ ಬಂದದ್ದಕ್ಕೆ ಶೇ. 6 ಮಾತ್ರ ಕನಿಷ್ಠ ಲಾಭ ಅಂತ ಹಿಡೀತಾರೆ. ಅಂದರೆ ಕ್ಯೂಆರ್ ಇಟ್ಟುಕೊಂಡರೇ ಅಕ್ಕನಿಗೆ ಲಾಭ. ದಾರ, ಲೈನಿಂಗ್ ಬಟ್ಟೆ ಕಳೆದು ಅವರಿಗೆ ನಿಜವಾಗಿ ಉಳಿಯೋದು ಲೆಕ್ಕ ಹಾಕಿದರೂ ತೆರಿಗೆಯ ಹತ್ತಿರ ಸುಳಿಯಲ್ಲ. ಎರಡು ಸಲ ಹೇಳಿದೆ. ಸ್ಟಿಕ್ಕರ್ ಇನ್ನೂ ಡಬ್ಬದ ಹಿಂದೆಯೇ ಇದೆ. ನೋಟಿಸ್ ಕಳಿಸೋಕೆ ಇರೋ ಉತ್ಸಾಹ ಇದನ್ನು ಕನ್ನಡದಲ್ಲಿ ಒಂದು ಪುಟ ಬರೆದು ಹಂಚೋಕೆ ಯಾಕಿಲ್ಲ ಅಂತ ನನಗೆ ಸಿಟ್ಟು ಬರುತ್ತೆ.

ಇನ್ನು ನನ್ನ ದಡ್ಡತನದ ಕಥೆ. 2020ರಲ್ಲಿ ಲಾಕ್‌ಡೌನ್ ಆದಾಗ ದಿನಾ ಬೆಳಿಗ್ಗೆ ಬೆಂಗಳೂರಿಗೆ ರೈಲಲ್ಲಿ ಹೋಗ್ತಿದ್ದ ಕೆಲಸ ನಿಂತು, ಅದೇ ಆಫೀಸು ನನ್ನನ್ನು "ಕನ್ಸಲ್ಟೆಂಟ್" ಮಾಡಿತು. ಆ ವರ್ಷ ಬಂದದ್ದು ಮೂರು ಲಕ್ಷ. ಕೋವಿಡ್ ಅಂತ ಟಿಡಿಎಸ್ ಆಗ ಶೇ. 7.5ಕ್ಕೆ ಇಳಿಸಿದ್ದರು, 22,500 ಹಿಡಿದಿದ್ದರು. "ತೆರಿಗೆ ಬರಲ್ಲ ಅಂದ್ಮೇಲೆ ರಿಟರ್ನ್ಸ್ ಯಾಕೆ" ಅಂತ ಪರಿಚಯದವರೊಬ್ಬರು ಅಂದರು, ನಾನೂ ಸುಮ್ಮನಾದೆ. ಗೊತ್ತಾಗೋ ಹೊತ್ತಿಗೆ ತಡವಾಗಿ ಹಾಕೋ ಗಡುವೂ ಮುಗಿದಿತ್ತು. ಆಮೇಲೆ ಅಪ್ಡೇಟೆಡ್ ರಿಟರ್ನ್ ಅಂತ ಒಂದು ಬಂತು, ಅದರಲ್ಲಿ ಸರ್ಕಾರಕ್ಕೆ ಹೆಚ್ಚಿಗೆ ಕಟ್ಟಬಹುದೇ ಹೊರತು ರೀಫಂಡ್ ಕೇಳೋ ಹಾಗಿಲ್ಲ.

ಆಡಿಟರ್ ಹೋದ ವಾರ ಫೋನ್ ಮಾಡಿ, ವಿಳಂಬ ಮನ್ನಾ ಅರ್ಜಿ ಅಂತ ಒಂದಿದೆ, ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ವರ್ಷದ ಮುಂದಿನ ವರ್ಷ) ಮುಗಿದು ಐದು ವರ್ಷದೊಳಗಿದ್ದರೆ ಹಾಕಬಹುದು, ನಿಮಗೆ 2027ರ ಮಾರ್ಚ್‌ವರೆಗೆ ಟೈಮ್ ಇದೆ ಅಂದರು. ಈ ಸಲದ ರಿಟರ್ನ್ಸ್ ಮುಗಿಸಿ ನಿನ್ನೆ ರಾತ್ರಿ ಅರ್ಜಿ ಬರೆಯೋಕೆ ಕೂತೆ. ತಡವಾದದ್ದಕ್ಕೆ ಸೂಕ್ತ ಕಾರಣ ಬರೀಬೇಕು. "ಗೊತ್ತಿರಲಿಲ್ಲ ಅಂತ ಬರಿ, ನಿಜ ತಾನೇ" ಅಂದರು ನಮ್ಮನೆಯವರು. ಅದನ್ನು ಒಪ್ಪಲ್ಲ ಅಂತಾರೆ ಆಡಿಟರ್. ಮಾವನವರಿಗೆ ಆ ವರ್ಷ ಕೋವಿಡ್ ಆಗಿತ್ತು, ಅದನ್ನು ಬರೀರಿ ಅನ್ನೋದು ಅವರ ಸಲಹೆ. ಆಗಿದ್ದು ನಿಜ, ಆದರೆ ನಾನು ರಿಟರ್ನ್ಸ್ ಹಾಕದೇ ಇದ್ದದ್ದು ಅದಕ್ಕಲ್ಲ. ಕಾರಣದ ಜಾಗ ಇನ್ನೂ ಖಾಲಿ ಇದೆ. ಹಾಳೆ ಸದ್ಯಕ್ಕೆ ರಾಗಿ ಮೂಟೆ ಮೇಲಿದೆ.