ಗೆದ್ದರೂ ಕವರ್, ಸೋತರೂ ಕವರ್

ಕೊಡಗಿನ ಗೋಣಿಕೊಪ್ಪದ ಬಸ್ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಮೂರು ವಾರಗಳಿಂದ ಒಂದೇ ವಿಷಯದ ಮೇಲೆ ಗಂಭೀರ ಚರ್ಚೆ ನಡೆಯುತ್ತಿದೆ: ಬರಲಿರುವ ಹೊಸ ಸ್ಮಾರ್ಟ್‌ಫೋನ್ ಗೆಲ್ಲುತ್ತದೆಯೋ, ಮಕಾಡೆ ಮಲಗುತ್ತದೆಯೋ? ಅದರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಈ ಅಂಕಣ ನಿಮ್ಮ ಕೈ ಸೇರುವಷ್ಟರಲ್ಲಿ ಅದರ ತಮ್ಮ ಹುಟ್ಟಿರುತ್ತಾನೆ. ಫೋನನ್ನು ಯಾರೂ ಕಣ್ಣಾರೆ ಕಂಡಿಲ್ಲವಾದರೂ ಅದು ಸೋಲಲು ಹನ್ನೊಂದು ಕಾರಣಗಳಿವೆ, ಗೆಲ್ಲಲು ಏಳು ಕಾರಣಗಳಿವೆ ಎಂಬುದು ಆಗಲೇ ಇತ್ಯರ್ಥವಾಗಿದೆ. ರೊಬಸ್ಟಾ ಕಾಫಿ ಚೆರಿಯ ದರ ಮುಂದಿನ ವಾರ ಏರುವುದೇ ಎಂದು ಕೇಳಿದರೆ ಕೈ ಚೆಲ್ಲುವ, ಕಾಫಿ ಹೂ ಅರಳಿಸುವ ಹೂಮಳೆ ಯಾವಾಗ ಬಂದೀತು ಎಂದರೆ ಆಕಾಶ ನೋಡಿ ಸುಮ್ಮನಾಗುವ ಬೆಳೆಗಾರರು, ಈ ಫೋನಿನ ಭವಿಷ್ಯವನ್ನು ಮಾತ್ರ ಮಳೆಮಾಪಕ ನೋಡಿ ಬಂದವರಷ್ಟು ಖಚಿತವಾಗಿ, ಇಂಚು-ಸೆಂಟ್ ಲೆಕ್ಕದಲ್ಲಿ ಹೇಳುತ್ತಾರೆ.

ಭವಿಷ್ಯ ಹೇಳುವ ಹುಮ್ಮಸ್ಸು ನಮ್ಮ ಊರಿಗಷ್ಟೇ ಮೀಸಲಲ್ಲ. 2007ರಲ್ಲಿ ಐಫೋನ್ ಬಂದಾಗ, ಕೀಬೋರ್ಡ್ ಇಲ್ಲದ ಫೋನಿಗೆ ಐನೂರು ಡಾಲರ್ ಬೆಲೆಯೇ ಎಂದು ಮೈಕ್ರೋಸಾಫ್ಟ್‌ನ ಮುಖ್ಯಸ್ಥರಾಗಿದ್ದ ಸ್ಟೀವ್ ಬಾಲ್ಮರ್ ಕ್ಯಾಮೆರಾ ಮುಂದೆಯೇ ನಕ್ಕಿದ್ದರು. ಏಳು ವರ್ಷಗಳ ನಂತರ ಅಮೆಜಾನ್ ಸಂಸ್ಥೆಯು, ನೋಡುವವರ ಮುಖ ಎತ್ತ ತಿರುಗುತ್ತದೆಂದು ಪತ್ತೆ ಹಚ್ಚಲು ನಾಲ್ಕು ಕ್ಯಾಮೆರಾಗಳನ್ನು ಮುಂಭಾಗದಲ್ಲೇ ಜೋಡಿಸಿದ ಫೈರ್ ಫೋನನ್ನು ಮಾರುಕಟ್ಟೆಗೆ ಬಿಟ್ಟಿತು. ಗ್ರಾಹಕರ ಮುಖ ಎತ್ತ ತಿರುಗಿತ್ತೆಂಬುದು ಆ ನಾಲ್ಕಕ್ಕೂ ಕಾಣಲಿಲ್ಲ. ಜುಲೈಯಲ್ಲಿ ಮೊಬೈಲ್ ಸೇವಾ ಕಂಪನಿಯೊಂದಿಗಿನ ಎರಡು ವರ್ಷದ ಒಪ್ಪಂದದ ಮೇಲೆ 199 ಡಾಲರಿಗೆ ಸಿಗುತ್ತಿದ್ದ ಅದು ಸೆಪ್ಟೆಂಬರಿನಲ್ಲಿ 99 ಸೆಂಟಿಗೆ ಇಳಿಯಿತು. ನೂರು ಸೆಂಟಿಗೆ ಒಂದು ಇಂಚು ಎಂದು ಮಳೆ ಅಳೆಯುವ ನಮ್ಮಲ್ಲಿ 99 ಸೆಂಟ್ ಎಂದರೆ ಒಳ್ಳೆಯ ಮಳೆಯೇ. ಅಮೆಜಾನಿಗೆ ಮಾತ್ರ ಅದು 17 ಕೋಟಿ ಡಾಲರುಗಳನ್ನು ನಷ್ಟದ ಲೆಕ್ಕಕ್ಕೆ ಬರೆಯಿಸಿದ ಮಳೆ.

ನಮ್ಮ ದೇಶದ ಕೊಡುಗೆಯನ್ನೂ ಮರೆಯಬಾರದು. 2016ರ ಫೆಬ್ರವರಿಯಲ್ಲಿ 251 ರೂಪಾಯಿಗೆ ಸ್ಮಾರ್ಟ್‌ಫೋನ್ ಕೊಡುತ್ತೇವೆಂದು ಹೊರಟ ಫ್ರೀಡಂ 251ಕ್ಕೆ ಜನ ಮುಗಿಬಿದ್ದ ರಭಸಕ್ಕೆ ಅದರ ಜಾಲತಾಣ ನಿಂತೇ ಹೋಯಿತು. ಪತ್ರಕರ್ತರಿಗೆ ಕೊಟ್ಟ ಮಾದರಿಯ ಮೇಲಿದ್ದ ಬಿಳಿ ಬಣ್ಣವನ್ನು ಉಗುರಿನಿಂದ ಕೆರೆದರೆ ಬೇರೊಂದು ಕಂಪನಿಯ ಹೆಸರು ಕಾಣುತ್ತಿತ್ತು. ಗುಮಾಸ್ತರು ತಪ್ಪು ತಿದ್ದುವ ವೈಟ್ನರ್ ಅದು. ಅಷ್ಟು ಪ್ರಾಮಾಣಿಕವಾಗಿ ಕೈಕೊಟ್ಟ ಇನ್ನೊಂದು ಫೋನನ್ನು ನಾನು ಕಂಡಿಲ್ಲ.

ಹೋಟೆಲಿನ ಗೆಲುವಿನ ಪಕ್ಷಕ್ಕೆ ನನ್ನ ಅಣ್ಣನ ಮಗನೇ ನಾಯಕ. "ಚಿಕ್ಕಪ್ಪ, ಇದು ಐಪಿ 68. ನೀರಿಗೆ ಬಿದ್ದರೂ ಏನೂ ಆಗಲ್ಲ" ಎಂಬುದು ಅವನ ಪ್ರಬಲ ವಾದ. ನಾನು ಕನ್ನಡಕ ಏರಿಸಿ ಜಾಹೀರಾತಿನ ಅಡಿಯಲ್ಲಿದ್ದ ಇರುವೆ ಗಾತ್ರದ ಅಕ್ಷರಗಳನ್ನು ಓದಿದೆ. ಒಂದೂವರೆ ಮೀಟರ್ ಆಳ, ನಿಂತ ಸಿಹಿನೀರು, 30 ನಿಮಿಷ. ಆಮೇಲೂ ನೀರು ಹೊಕ್ಕು ಕೆಟ್ಟರೆ ವಾರಂಟಿ ಅನ್ವಯಿಸುವುದಿಲ್ಲ. ವರ್ಷಕ್ಕೆ 200 ಇಂಚಿನ ಆಸುಪಾಸು ಮಳೆ ಸುರಿಯುವ ಭಾಗಮಂಡಲದಲ್ಲಿ ಜೂನ್ ತಿಂಗಳ ಮಳೆಗೆ ಯಾರಾದರೂ ಈ ಷರತ್ತನ್ನು ಓದಿ ಹೇಳಿ, ಅರ್ಧ ಗಂಟೆಗೆ ಸರಿಯಾಗಿ ನಿಲ್ಲುವಂತೆ ಒಪ್ಪಿಸಬೇಕಾಗುತ್ತದೆ. ಗಾಳಿಗೆ ಸಿಲ್ವರ್ ಮರ ತಂತಿಯ ಮೇಲೆ ಬಿದ್ದು ನಾಲ್ಕು ದಿನ ಕರೆಂಟಿಲ್ಲದಾಗ, ಟವರಿನ ಡೀಸೆಲ್ಲೂ ಮುಗಿದಾಗ, ಆ ಫೋನು ಒದ್ದೆಯಾಗದೆ ಒಣಗಿ ಕುಳಿತಿರುತ್ತದೆ ಎಂಬುದನ್ನು ನಾನೂ ಒಪ್ಪುತ್ತೇನೆ.

ಎರಡೂ ಪಕ್ಷಗಳಿಗೆ ಸೇರದವನು ಪಕ್ಕದ ಮೊಬೈಲ್ ಅಂಗಡಿಯವನೊಬ್ಬನೇ. ಸೋರಿಕೆಯಾದ ಚಿತ್ರಗಳ ಅಳತೆಯಲ್ಲಿ ಎಲ್ಲೋ ತಯಾರಾದ ಕವರುಗಳನ್ನು ಅವನು ಆಗಲೇ ಗಾಜಿನ ಕಪಾಟಿನಲ್ಲಿ ಸಾಲಾಗಿ ನೇತುಹಾಕಿದ್ದಾನೆ. ಫೋನು ನಡೆಯುತ್ತದೆಯೇ ಎಂದು ವಿಚಾರಿಸಿದೆ. "ಗೆದ್ದರೂ ಕವರ್, ಸೋತರೂ ಕವರ್, ಸಾರ್. ಮುನ್ನೂರಕ್ಕೆ ಕೊಡ್ತೇನೆ" ಎಂದ. ಮೂರು ವಾರಗಳಲ್ಲಿ ನನ್ನ ಕಿವಿಗೆ ಬಿದ್ದ ಏಕೈಕ ಮಾರುಕಟ್ಟೆ ವಿಶ್ಲೇಷಣೆ ಅದು. ಅಣ್ಣನ ಮಗ ಒಂದು ಕವರ್ ಕೊಂಡ.

ಮುಂಗಡ ಬುಕಿಂಗ್ ಆರಂಭವಾದ ದಿನ ಅವನು ಬೆಳಿಗ್ಗೆಯೇ ಕಾಫಿ ಕಣದ ಮೂಲೆಯಲ್ಲಿರುವ ಕಿತ್ತಳೆ ಗಿಡದ ಬುಡಕ್ಕೆ ಹೋಗಿ ನಿಂತ. ನಮ್ಮ ಮನೆಯ ನೆಟ್‌ವರ್ಕ್ ಇರುವುದು ಆ ಗಿಡದ ಬುಡದಲ್ಲಿ ಮಾತ್ರ. ಅದೂ ಫೋನನ್ನು ಎಡಗೈಯಲ್ಲಿ ತಲೆಯ ಮೇಲೆ ಹಿಡಿದರೆ. ಹೆಸರು, ವಿಳಾಸ, ಕಂತಿನ ಅವಧಿ ಎಲ್ಲವನ್ನೂ ತುಂಬಿದ ಮೇಲೆ ಓಟಿಪಿಗಾಗಿ ಕಾದ. ಹತ್ತು ನಿಮಿಷ ಮಾತ್ರ ಬಾಳುವ ಆ ಸಂಖ್ಯೆ ಹದಿನಾಲ್ಕನೆಯ ನಿಮಿಷಕ್ಕೆ ಬಂದು ತಲುಪಿತು. ಅಷ್ಟರಲ್ಲಿ ಪರದೆಯ ಮೇಲೆ ದಾಸ್ತಾನು ಮುಗಿದಿದೆ ಎಂಬ ಸಾಲು ಮೂಡಿತ್ತು.

"ಗೆದ್ದಿತು, ಚಿಕ್ಕಪ್ಪ!" ಎಂದು ಅವನು ಕಣದಿಂದಲೇ ಕೂಗಿದ. ಎಷ್ಟು ಫೋನುಗಳಿದ್ದವೆಂದು ಕಂಪನಿ ಹೇಳಿಲ್ಲವಲ್ಲ ಎಂದು ಸೋಲಿನ ಪಕ್ಷದವರು ಅದೇ ಸಂಜೆ ಹೋಟೆಲಿನಲ್ಲಿ ತಕರಾರು ತೆಗೆದದ್ದರಿಂದ ಚರ್ಚೆ ನಾಲ್ಕನೆಯ ವಾರಕ್ಕೆ ಕಾಲಿಟ್ಟಿದೆ. ಕವರಿನಲ್ಲಿ ಸದ್ಯಕ್ಕೆ ನಾನು ಕಾಳುಮೆಣಸು ಮಾರಿದ ಚೀಟಿಗಳನ್ನು ಇಟ್ಟುಕೊಂಡಿದ್ದೇನೆ.