ಉಪಗ್ರಹಕ್ಕೂ ಒಂದು ದರ್ಭೆ

2025ರ ಸೆಪ್ಟೆಂಬರ್ 7ರ ರಾತ್ರಿ ಕನ್ನಡದ ಟೀವಿ ನೋಡಿದವರು ಪುಣ್ಯವಂತರು. ಒಂದೇ ಕೆಂಪು ಚಂದ್ರ, ಒಂದೇ ಗುಡುಗಿನ ಸಂಗೀತ, ನಾಲ್ಕು ಚೌಕದೊಳಗೆ ನಾಲ್ವರು ಗುರೂಜಿಗಳು. ಗ್ರಹಣ ಕುಂಭ ರಾಶಿಯಲ್ಲಂತೆ. ಆ ರಾಶಿಯವರ ಮುಖ ಸಾಲದ ಕಂತು ತಪ್ಪಿಸಿದವರ ಮುಖದಂತಾಗಿತ್ತು. ಹೊರಗೆ ರಾತ್ರಿ 11ರಿಂದ 12.22ರವರೆಗೆ, ಮೋಡ ಸರಿದಲ್ಲೆಲ್ಲ, ಚಂದ್ರ ಪುಕ್ಕಟೆಯಾಗಿ ತಾಮ್ರದ ಬಣ್ಣಕ್ಕೆ ತಿರುಗಿದ್ದ. ಆ ಹೊತ್ತಿಗೆ ಭೂಮಿಯ ಅಂಚಿನಲ್ಲಿ ನಡೆಯುತ್ತಿದ್ದ ಎಲ್ಲ ಸೂರ್ಯೋದಯ, ಸೂರ್ಯಾಸ್ತಗಳ ಕೆಂಪು ಬೆಳಕು ನಮ್ಮ ಗಾಳಿಯಲ್ಲಿ ಬಾಗಿ ಅವನ ಮೇಲೆ ಬಿದ್ದಿತ್ತು. ಅದನ್ನು ನೋಡುವ ಬದಲು ನಾವು ಕಿಟಕಿ ಮುಚ್ಚಿ, ಅದೇ ಚಂದ್ರನನ್ನು ಟೀವಿಯಲ್ಲಿ ನೋಡಿದೆವು. ಟೀವಿಯಲ್ಲಿ ನೋಡಿದರೆ ದೋಷವಿಲ್ಲವಂತೆ.

ಗುರೂಜಿಯವರ ಎಚ್ಚರಿಕೆ ನಮ್ಮ ಮನೆಗಿಳಿಯುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ, ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತಿರುವ ಭೂಸ್ಥಿರ ಉಪಗ್ರಹದಿಂದ. ಆ ಬಡಪಾಯಿಗೆ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಹಗಲು ರಾತ್ರಿ ಸಮವಾಗುವ ವಿಷುವದ ಆಸುಪಾಸು ತಲಾ ಸುಮಾರು 45 ದಿನ ದಿನಾ ಗ್ರಹಣ. ನಡುರಾತ್ರಿಯ ಹೊತ್ತಿಗೆ ಭೂಮಿಯ ನೆರಳು ಹೊಕ್ಕು, ಹೆಚ್ಚೆಂದರೆ 72 ನಿಮಿಷ ಬಿಸಿಲಿಲ್ಲದೆ ಬ್ಯಾಟರಿಯಲ್ಲಿ ಜೀವ ಹಿಡಿದಿರುತ್ತದೆ. ಸೆಪ್ಟೆಂಬರ್ 7 ಕೂಡ ಆ 45 ದಿನಗಳ ಒಳಗೇ ಬರುತ್ತದೆ. ಇನ್ಸಾಟ್, ಜಿಸ್ಯಾಟ್‌ಗಳನ್ನು ಕಾಯುವ ಹಾಸನದ ಇಸ್ರೋ ಕೇಂದ್ರದವರು ಅದರ ಮೇಲೆ ದರ್ಭೆ ಇಟ್ಟದ್ದನ್ನು ನಾನಂತೂ ಕೇಳಿಲ್ಲ. ದಿನಾ ಮೈಲಿಗೆಯಾಗುವ ಉಪಗ್ರಹದಿಂದ ಬಂದ ಶಾಂತಿ ಪರಿಹಾರಕ್ಕೆ ಫಲವುಂಟೇ ಎಂದು ಯಾರಾದರೂ ಫೋನ್ ಮಾಡಿ ಕೇಳಬೇಕಿತ್ತು.

ಇನ್ನು ಒನಕೆ. ಓಬವ್ವನ ಕಾಲವಾದ ಮೇಲೆ ಒನಕೆಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ಗ್ರಹಣದ ದಿನ ಮಾತ್ರ. ಮಿಕ್ಸಿ ಇರುವ ಮನೆಯವರೆಲ್ಲ ಅಂದು ಪಕ್ಕದ ಬೀದಿಯಿಂದ ಎರವಲು ತಂದು, ತಟ್ಟೆಗೆ ನೀರು ಹಾಕಿ, ನಡುವೆ ಅದನ್ನು ನಿಲ್ಲಿಸುತ್ತಾರೆ. ನಿಂತೇಬಿಟ್ಟಿತು! ಅರಿಶಿನ, ಕುಂಕುಮ, ಮೊಬೈಲು. ಮೂರು ಗೋಲಗಳು ಸಾಲಾಗಿ ನಿಂತು ಎಳೆಯುತ್ತವೆ ಎಂದು ವಿಜ್ಞಾನದ ಸಾಕ್ಷಿಯೂ ಸಿದ್ಧ. ಹಾಗಿದ್ದರೆ ಹುಣ್ಣಿಮೆ, ಅಮಾವಾಸ್ಯೆಗಳಿಗೆಲ್ಲ ಹೆಚ್ಚುಕಮ್ಮಿ ಅದೇ ಸಾಲು. ಚಂದ್ರನ ಹಾದಿ ಸುಮಾರು 5 ಡಿಗ್ರಿ ವಾಲಿರುವುದರಿಂದ ಪ್ರತಿ ಸಲ ನೆರಳು ತಾಗುವುದಿಲ್ಲ, ಅಷ್ಟೇ. ಆ ಎಳೆತಕ್ಕೆ ಮಲ್ಪೆಯ ಕಡಲು ತಿಂಗಳಿಗೆ ಎರಡು ಸಲ ಜೋರಾಗಿ ಉಕ್ಕುತ್ತದೆ, ಅಂದು ಒನಕೆಯನ್ನು ಯಾರೂ ಕೇಳುವುದಿಲ್ಲ. ಅದರ ಬುಡ ಚಪ್ಪಟೆ, ಭಾರದ ಕೇಂದ್ರ ಆ ಬುಡದ ನೇರಕ್ಕೆ ಬಂದರೆ ನಿಲ್ಲುತ್ತದೆ. ಯಾವುದಾದರೂ ಮಂಗಳವಾರ ಮಧ್ಯಾಹ್ನ ಊಟವಾದ ಮೇಲೆ ಪುರುಸೊತ್ತಿನಲ್ಲಿ ನಿಲ್ಲಿಸಿ ನೋಡಿ. ತಟ್ಟೆಯ ನೀರೂ ಬೇಡ.

ತಮಾಷೆಯೆಂದರೆ, ಗ್ರಹಣದ ಸ್ಪರ್ಶ, ಮೋಕ್ಷಗಳ ಗಳಿಗೆಯನ್ನು ಪಂಚಾಂಗ ಮೊದಲೇ ಹೇಳುತ್ತದೆ. ರಾಹುವಿನ ಹಸಿವಿಗೆ ಇಷ್ಟು ಶಿಸ್ತು ಎಲ್ಲಿಂದ? ಚಂದ್ರ ಸೂರ್ಯನನ್ನೂ, ಭೂಮಿಯ ನೆರಳು ಚಂದ್ರನನ್ನೂ ಮುಚ್ಚುತ್ತದೆ ಎಂದು ಆರ್ಯಭಟ ಸಾವಿರದ ಐನೂರು ವರ್ಷದ ಹಿಂದೆಯೇ ಬರೆದಿಟ್ಟ. ಗಣಿತ ಅವನ ದಾರಿಯದು, ಭಯ ಮಾತ್ರ ಸ್ಟುಡಿಯೋದ್ದು.

ಇಲ್ಲಿಯವರೆಗೆ ನಗಬಹುದು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಬೆಳಿಗ್ಗೆ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಗ್ರಹಣ ಬಿಡುವಷ್ಟರಲ್ಲಿ ಕೈಕಾಲು ಬರುತ್ತದಂತೆ. ಆ ಮಕ್ಕಳ ಅಳುವ ಮುಖಗಳು ಮಣ್ಣಿನ ಮೇಲೆ ಸಾಲಾಗಿದ್ದವು. ಹೆತ್ತವರನ್ನು ಬೈಯುವುದು ಬಹಳ ಸುಲಭ. ಅವರಿಗೆ ಡಾಕ್ಟರೂ ಸಿಕ್ಕಿರಲಿಲ್ಲ, ಫಿಜಿಯೋಥೆರಪಿಯೂ ಸಿಕ್ಕಿರಲಿಲ್ಲ ಎಂದೇ ನನ್ನ ಗುಮಾನಿ. ಸಿಕ್ಕಿದ್ದು ಗ್ರಹಣಕ್ಕೆ ಶಕ್ತಿಯಿದೆ ಎಂದು ದಿನವಿಡೀ ಹೇಳುವ ಪರದೆ. ಸಂಜೆ ಅದೇ ಪರದೆ ‘ಎಂಥಾ ಮೌಢ್ಯ’ ಎಂದು ಲೊಚಗುಟ್ಟಿತು. ನಡುವೆ ಜಾಹೀರಾತು. ಥೂ.

ಇಂಥವನ್ನು ತಡೆಯುವ ಕಾಯ್ದೆಯನ್ನು ನಮ್ಮ ಶಾಸನಸಭೆ 2017ರಲ್ಲೇ ಒಪ್ಪಿತ್ತು. ಜಾರಿಗೆ ಬಂದದ್ದು 2020ರ ಜನವರಿಯಲ್ಲಿ, ಆ ಮಕ್ಕಳನ್ನು ಮಣ್ಣಿನಿಂದ ಎತ್ತಿದ ಮೇಲೆ. ಜ್ಯೋತಿಷ, ವಾಸ್ತುಗಳ ತಂಟೆಗೆ ಅದು ಹೋಗಿಲ್ಲ. ಹಾಗಾಗಿ ಮುಂದಿನ ಗ್ರಹಣಕ್ಕೂ ನಾಲ್ಕು ಚೌಕ ಖಾಲಿ ಇರುವುದಿಲ್ಲ.